ಸೆಕ್ಷನ್ ಆಮೇಲೆ ನೋಡೋಣ, ಮೊದಲು ನಡೆದದ್ದೇನು ಹೇಳಿ

"ಸರ್, ಪಿಜಿ ಓನರ್ ಮೇಲೆ 420 ಕೇಸ್ ಹಾಕಬಹುದಾ?"

ಡಿಗ್ರಿ ಓದುವ ಹುಡುಗಿಯೊಬ್ಬಳು ಕುರ್ಚಿ ಮೇಲೆ ಕೂರುವ ಮೊದಲೇ ಕೇಳಿದ ಪ್ರಶ್ನೆ ಇದು. ಚಿತ್ರದುರ್ಗದ ಕಡೆಯವಳು. ಬೆಂಗಳೂರಿನ ಒಂದು ಪಿಜಿಯಲ್ಲಿ ಎರಡು ವರ್ಷ ಇದ್ದಳು. ಸೇರುವಾಗ 15,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದಳು. ಒಂದು ತಿಂಗಳು ಮೊದಲೇ ಹೇಳಿ ರೂಮು ಖಾಲಿ ಮಾಡಿದಳು. ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ. ಸ್ಟೇಷನ್‌ಗೆ ಹೋದರೆ "ಇದು ಸಿವಿಲ್ ಮ್ಯಾಟರ್ ಕಣಮ್ಮಾ" ಅಂತ ಕಳಿಸಿಬಿಟ್ಟರಂತೆ. ಅವಳಿಗೆ ಸಿಟ್ಟು, ಅದಕ್ಕಿಂತ ಜಾಸ್ತಿ ಗೊಂದಲ.

ವಕೀಲಿ ಮಾಡುವ ನನಗೆ ಇಂಥ ಗೊಂದಲ ದಿನವೂ ಸಿಗುತ್ತದೆ. ಓದಿದವರೂ ಕಾನೂನು ಅಂದಕೂಡಲೇ ಸೆಕ್ಷನ್ ನಂಬರಿನಿಂದ ಶುರು ಮಾಡುತ್ತಾರೆ. ಕೆಲಸ ಸಾಗುವುದು ಅದರ ತಿರುಗುಮುರುಗಾಗಿ. ಮೊದಲು ಜಗಳ ಯಾರ ಮಧ್ಯೆ, ನಮಗೆ ಏನು ಬೇಕು ಅಂತ ಗೊತ್ತಾಗಬೇಕು. ಇದು ಗೊತ್ತಾದರೆ ಯಾವ ಕಾನೂನು, ಯಾವ ಕೋರ್ಟು ಅನ್ನುವುದು ಹೆಚ್ಚಿನ ಸಲ ತಾನಾಗೇ ತಿಳಿಯುತ್ತದೆ. ಈ ಹುಡುಗಿಯ ಅಡ್ವಾನ್ಸನ್ನೇ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹೋಗೋಣ.

ಹೆಜ್ಜೆ 1: ನಡೆದದ್ದನ್ನು ತಾರೀಖಿನ ಸಮೇತ ಬರೆಯಿರಿ

ಒಂದು ಬಿಳಿ ಹಾಳೆ ಸಾಕು. ಯಾವತ್ತು ಸೇರಿದಿರಿ, ಯಾರಿಗೆ ಎಷ್ಟು ಕೊಟ್ಟಿರಿ, ಹೇಗೆ ಕೊಟ್ಟಿರಿ, ಖಾಲಿ ಮಾಡುತ್ತೇನೆ ಅಂತ ಯಾವತ್ತು ಹೇಳಿದಿರಿ, ಅವರು ಏನಂದರು. ಮೋಸ, ಅನ್ಯಾಯ, ದಬ್ಬಾಳಿಕೆ ಅನ್ನುವ ಪದಗಳನ್ನು ಬರೆಯಬೇಡಿ. ಅವು ನಿಮ್ಮ ನೋವಿನ ಮಾತು, ನಿಜ. ಆದರೆ ಮೋಸ ಆಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವುದು ಆಮೇಲಿನ ಕೆಲಸ. ಕೊನೆಗೆ ಒಂದು ಸಾಲು: ನನಗೆ ಏನು ಬೇಕು? ಆ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ಬರೆದಳು: "ನನ್ನ ದುಡ್ಡು."

ಹೆಜ್ಜೆ 2: ಸಿವಿಲ್ಲೋ ಕ್ರಿಮಿನಲ್ಲೋ ನೋಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ಸಿವಿಲ್ ಅಂದರೆ ಇಬ್ಬರ ನಡುವಿನ ವ್ಯವಹಾರ. ದಾವೆ ಹಾಕಿದವರು ವಾದಿ, ಎದುರಿನವರು ಪ್ರತಿವಾದಿ. ಗೆದ್ದರೆ ದುಡ್ಡು ಸಿಗುತ್ತದೆ, ಜಾಗ ಸಿಗುತ್ತದೆ, ಅಥವಾ ತಡೆಯಾಜ್ಞೆ ಸಿಗುತ್ತದೆ. ಜೈಲಿನ ಮಾತು ಸಾಮಾನ್ಯವಾಗಿ ಇಲ್ಲ. ಕ್ರಿಮಿನಲ್ ಹಾಗಲ್ಲ. ಅಪರಾಧ ನಡೆದಿದ್ದು ನಿಮ್ಮ ಮೇಲಾದರೂ ಅದನ್ನು ಇಡೀ ಸಮಾಜದ ಮೇಲೆ ನಡೆದದ್ದು ಅಂತ ಕಾನೂನು ನೋಡುತ್ತದೆ. ಅದಕ್ಕೇ ಪೊಲೀಸರು ತನಿಖೆ ಮಾಡಿದ ಕೇಸಿನಲ್ಲಿ ಒಂದು ಕಡೆ ನಿಲ್ಲುವುದು ಕರ್ನಾಟಕ ರಾಜ್ಯ, ಇನ್ನೊಂದು ಕಡೆ ಆರೋಪಿ. ನಿಮ್ಮ ಪರವಾಗಿ ವಾದ ಮಾಡುವವರು ಸರ್ಕಾರಿ ವಕೀಲರು. ನೀವು ಅಲ್ಲಿ ಸಾಕ್ಷಿ.

ಎಷ್ಟು ಸಾಬೀತು ಮಾಡಬೇಕು ಅನ್ನುವುದರಲ್ಲೂ ದೊಡ್ಡ ವ್ಯತ್ಯಾಸ ಇದೆ. ಸಿವಿಲ್‌ನಲ್ಲಿ ಎರಡೂ ಕಡೆಯದನ್ನು ತೂಗಿ ಯಾರ ಮಾತು ಹೆಚ್ಚು ನಿಜ ಅನಿಸುತ್ತದೋ ಆ ಕಡೆ ತಕ್ಕಡಿ ವಾಲಿದರೆ ಸಾಕು. ಕ್ರಿಮಿನಲ್‌ನಲ್ಲಿ ಸಕಾರಣವಾದ ಸಂಶಯ ಉಳಿಯಬಾರದು. ಒಬ್ಬನನ್ನು ಜೈಲಿಗೆ ಕಳಿಸುವ ವಿಷಯ ಅದು, ಹಾಗಾಗಿ ಅಳತೆ ಕಠಿಣವಾಗಿದೆ. ಹಾಗೇ ಇರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ ಕೂಡ.

ಹಾಗಾದರೆ ಅಡ್ವಾನ್ಸ್ ಕೊಡದಿದ್ದರೆ ಅದು ವಂಚನೆ ಅಲ್ವಾ? ವಂಚನೆ ಆಗಬೇಕಾದರೆ ದುಡ್ಡು ಇಸಿದುಕೊಳ್ಳುವಾಗಲೇ ಮೋಸದ ಉದ್ದೇಶ ಇರಬೇಕು. ಇಲ್ಲದ ರೂಮು ತೋರಿಸಿ ದುಡ್ಡು ಹೊಡೆದರೆ ಅದು ವಂಚನೆ. ರೂಮು ಕೊಟ್ಟು, ಎರಡು ವರ್ಷ ಊಟ ಹಾಕಿ, ಕೊನೆಗೆ ಅಡ್ವಾನ್ಸ್ ಹಿಡಿದುಕೊಂಡರೆ ಅದು ಕೊಟ್ಟ ಮಾತು ಮುರಿದದ್ದು, ಒಪ್ಪಂದದ ಉಲ್ಲಂಘನೆ. ಪೊಲೀಸರು ಹೇಳಿದ ರೀತಿ ಒರಟಾಗಿರಬಹುದು. ವಿಷಯ ಸರಿಯಾಗಿಯೇ ಇತ್ತು.

ಅಂದಹಾಗೆ 420 ಅನ್ನುವ ನಂಬರೇ ಈಗ ಹೋಗಿದೆ. 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 420 ಅದರಲ್ಲಿ 318ನೇ ಸೆಕ್ಷನ್‌ನ 4ನೇ ಉಪಸೆಕ್ಷನ್. ಜೊತೆಗೆ ಕ್ರಿಮಿನಲ್ ಪ್ರಕ್ರಿಯೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಆ ತಾರೀಖಿಗಿಂತ ಮೊದಲು ನಡೆದ ಅಪರಾಧಕ್ಕೆ ಇವತ್ತಿಗೂ ಹಳೆಯ ದಂಡ ಸಂಹಿತೆಯೇ ಅನ್ವಯ. ಪರೀಕ್ಷೆಗೆ ಓದುವವರು ಹಳೆಯ ಗೈಡು ಹಿಡಿದಿದ್ದರೆ ನಂಬರುಗಳನ್ನು ಒಂದು ಸಲ ತಾಳೆ ನೋಡಿಕೊಳ್ಳಿ.

ಒಂದೇ ಘಟನೆ ಎರಡೂ ಆಗಬಹುದು ಅನ್ನುವುದನ್ನು ಮರೆಯಬೇಡಿ. ಕಾಲೇಜು ಮುಂದೆ ಬೈಕ್ ಗುದ್ದಿ ಕಾಲು ಮುರಿಯಿತು ಅಂದುಕೊಳ್ಳಿ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಪೊಲೀಸ್ ಕೇಸು ಒಂದು. ಆಸ್ಪತ್ರೆ ಖರ್ಚು, ನೋವು, ಹೋದ ದುಡಿಮೆಗೆ ಪರಿಹಾರ ಕೇಳಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಇನ್ನೊಂದು. "ಕೇಸು ಹೇಗೂ ಆಗಿದೆಯಲ್ಲ, ದುಡ್ಡು ಬರುತ್ತೆ" ಅಂತ ಸುಮ್ನೆ ಕೂತು ಪರಿಹಾರದ ಅರ್ಜಿಯನ್ನೇ ಹಾಕದೆ ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ.

ಹೆಜ್ಜೆ 3: ಒಪ್ಪಂದ ಇತ್ತಾ ಕೇಳಿಕೊಳ್ಳಿ

"ಅಗ್ರಿಮೆಂಟೇ ಮಾಡಿಕೊಂಡಿರಲಿಲ್ಲ ಸರ್" ಅಂದಳು ಹುಡುಗಿ, ಎಲ್ಲ ಮುಗಿದೇಹೋಯಿತು ಅನ್ನುವ ಹಾಗೆ. 1872ರ ಭಾರತೀಯ ಒಪ್ಪಂದ ಕಾಯ್ದೆ ಬಾಯಿಮಾತಿನ ಒಪ್ಪಂದವನ್ನೂ ಒಪ್ಪುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮನಸಾರೆ ಒಪ್ಪಿರಬೇಕು, ಅದಕ್ಕೆ ಪ್ರತಿಯಾಗಿ ಏನಾದರೂ ಕೊಡುವುದು ತಗೊಳ್ಳುವುದು ಇರಬೇಕು, ಉದ್ದೇಶ ಕಾನೂನಿಗೆ ವಿರುದ್ಧ ಇರಬಾರದು. ಛಾಪಾ ಕಾಗದ ಇಲ್ಲ ಅಂದಮಾತ್ರಕ್ಕೆ ಒಪ್ಪಂದವೇ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಕೆಲವು ವ್ಯವಹಾರಗಳಿಗೆ, ಉದಾಹರಣೆಗೆ ಜಮೀನು ಮಾರಾಟಕ್ಕೆ, ಬರಹ ಮತ್ತು ನೋಂದಣಿ ಬೇಕು. ಪಿಜಿ ಅಡ್ವಾನ್ಸಿಗೆ ಬೇಡ.

ವಯಸ್ಸಿನ ವಿಷಯ ಪಿಯುಸಿ ಮಕ್ಕಳಿಗೆ ಗೊತ್ತಿರಲಿ. 18 ತುಂಬದವರು ಮಾಡಿಕೊಂಡ ಒಪ್ಪಂದ ಮೊದಲಿನಿಂದಲೇ ಅಸಿಂಧು. ಇದು ಗಟ್ಟಿಯಾದದ್ದು 1903ರಲ್ಲಿ, ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ. ಕಲ್ಕತ್ತೆಯ ಧರ್ಮೋದಾಸ್ ಇನ್ನೂ ಅಪ್ರಾಪ್ತನಾಗಿದ್ದಾಗಲೇ ತನ್ನ ಆಸ್ತಿಯನ್ನು 20,000 ರೂಪಾಯಿಗೆ ಸಾಲ ಕೊಡುವವನೊಬ್ಬನಿಗೆ ಅಡಮಾನ ಬರೆದುಕೊಟ್ಟಿದ್ದ. ಅವನ ವಯಸ್ಸು ಸಾಲ ಕೊಟ್ಟ ಕಡೆಯವರಿಗೂ ಗೊತ್ತಿತ್ತು. ಆಗ ಭಾರತದ ಕೇಸುಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಅಡಮಾನ ನಿಲ್ಲುವುದಿಲ್ಲ ಅಂತ ಹೇಳಿತು. 17 ವರ್ಷದ ಮಗ ಪಿಜಿ ಸೇರುವುದಾದರೆ ರಸೀದಿಯಲ್ಲಿ ಅಪ್ಪ ಅಥವಾ ಅಮ್ಮನ ಹೆಸರು ಹಾಕಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಹೆಜ್ಜೆ 4: ಪುರಾವೆ ಕಾಪಾಡಿ

ಯುಪಿಐನಲ್ಲಿ ದುಡ್ಡು ಹೋದ ದಾಖಲೆ, ವಾಟ್ಸಾಪ್ ಮಾತು, ರಸೀದಿ, ಖಾಲಿ ಮಾಡಿದ ದಿನ ತೆಗೆದ ರೂಮಿನ ಫೋಟೋ. ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆದರೆ ಸ್ಕ್ರೀನ್‌ಶಾಟ್ ಪ್ರಿಂಟು ತಂದು ಕೊಟ್ಟರೆ ಕೋರ್ಟಿಗೆ ಅಷ್ಟೇ ಸಾಲದು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಹೇಳುವ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ಮಾಡಿಸುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ: ಮೂಲ ಮೆಸೇಜು ಅಳಿಸಬೇಡಿ, ಹಳೆಯ ಫೋನು ಮಾರಬೇಡಿ.

ಹೆಜ್ಜೆ 5: ಬಾಗಿಲು ಆರಿಸಿ, ಗಡುವು ನೋಡಿ

ದುಡ್ಡು ವಾಪಸ್ ಕೇಳಲು ಸಿವಿಲ್ ಕೋರ್ಟಿಗೆ ಹೋಗಬಹುದು. 1963ರ ಕಾಲಮಿತಿ ಕಾಯ್ದೆ ಇಂಥ ದಾವೆಗೆ ಸಾಮಾನ್ಯವಾಗಿ 3 ವರ್ಷ ಕೊಡುತ್ತದೆ. ಆದರೆ ಈ ಹುಡುಗಿಗೆ ಇನ್ನೂ ಹತ್ತಿರದ ಬಾಗಿಲು ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದುಡ್ಡು ತಗೊಂಡು ಕೊಡುವ ಊಟ, ವಸತಿಯೂ ಸೇವೆಯೇ. ಹಾಗಾಗಿ ಊಟದ ಸಮೇತ ಇದ್ದ ಪಿಜಿಯ ತಕರಾರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಯ್ಯಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಚಿತ್ರದುರ್ಗದಲ್ಲೇ. ಬೆಂಗಳೂರಿಗೆ ಅಲೆಯಬೇಕಿಲ್ಲ. ಆದರೆ ಇಲ್ಲಿ ಗಡುವು 2 ವರ್ಷ. ಸಹಾಯವಾಣಿ 1915ಕ್ಕೆ ಮೊದಲೇ ಫೋನ್ ಮಾಡಿ ನೋಡುವುದೂ ಒಳ್ಳೆಯದು.

ದೂರಿಗೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ. ಇಂಥ ದಿನ ಇಷ್ಟು ಕೊಟ್ಟಿದ್ದೆ, ಇಂಥ ದಿನ ಖಾಲಿ ಮಾಡಿದೆ, 15 ದಿನದಲ್ಲಿ ಕೊಡಿ, ಇಲ್ಲದಿದ್ದರೆ ಆಯೋಗಕ್ಕೆ ಹೋಗುತ್ತೇನೆ. ಅಷ್ಟೇ. ಬೈಗುಳ ಬೇಡ, ಬೆದರಿಕೆ ಬೇಡ. ಆ ಹುಡುಗಿ ನೋಟಿಸನ್ನು ಕನ್ನಡದಲ್ಲಿ ತಾನೇ ಬರೆದಳು, ನಾನು ಎರಡು ಸಾಲು ತಿದ್ದಿದೆ. ವಿಷಯ ಆಯೋಗದ ತನಕ ಹೋಗಲೇ ಇಲ್ಲ. ಪೇಂಟಿಂಗ್ ಖರ್ಚು ಅಂತ 2,000 ಹಿಡಿದುಕೊಂಡು ಉಳಿದ 13,000 ರೂಪಾಯಿ ಅವಳ ಖಾತೆಗೆ ಬಂತು.

ಹೆಜ್ಜೆ 6: ಸ್ಟೇಷನ್‌ಗೆ ಹೋಗುವ ವಿಷಯವಾದರೆ

ಅಡ್ವಾನ್ಸ್ ಕೇಳಲು ಹೋದಾಗ ಓನರ್ ಕೈಮಾಡಿದ್ದರೆ? ಆಗ ಕ್ರಿಮಿನಲ್ ಕಾನೂನು ಬರುತ್ತದೆ. ಅಪರಾಧಗಳಲ್ಲಿ ಎರಡು ಬಗೆ. ಕಳ್ಳತನ, ಸುಲಿಗೆ, ಅತ್ಯಾಚಾರ, ಕೊಲೆಯಂಥವು ಸಂಜ್ಞೇಯ. ಇವಕ್ಕೆ ಎಫ್‌ಐಆರ್ ಆಗುತ್ತದೆ, ಪೊಲೀಸರು ನೇರವಾಗಿ ತನಿಖೆ ಶುರು ಮಾಡಬಹುದು. ಒಂದು ಏಟು ಹೊಡೆದು ಸಣ್ಣ ಗಾಯ ಮಾಡಿದರೆ ಅದು ಸಾಮಾನ್ಯವಾಗಿ ಅಸಂಜ್ಞೇಯ. ಅದಕ್ಕೆ ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲ.

ಸಂಜ್ಞೇಯ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಘಟನೆ ನಡೆದದ್ದು ನಮ್ಮ ಸರಹದ್ದಿನಲ್ಲಿ ಅಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಯಾವ ಸ್ಟೇಷನ್ನಿನಲ್ಲಾದರೂ ಝೀರೋ ಎಫ್‌ಐಆರ್ ಆಗಬೇಕು, ಅಂದರೆ ಅಲ್ಲೇ ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಸ್ಟೇಷನ್ನಿಗೆ ಕಳಿಸಬೇಕು. ಪ್ರತಿ ಉಚಿತ, ಕೇಳಿ ತಗೊಳ್ಳಿ. ಬರೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ನಿಮ್ಮನ್ನೇ ಬಂಧಿಸಿದರೂ ಹಕ್ಕುಗಳಿವೆ. ಸಂವಿಧಾನದ 22ನೇ ವಿಧಿ ಹೇಳುವಂತೆ ಯಾಕೆ ಬಂಧಿಸಿದ್ದು ಅಂತ ತಿಳಿಸಬೇಕು, ವಕೀಲರನ್ನು ನೋಡಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತೀರ್ಪು ಬರುವ ತನಕ ನೀವು ಆರೋಪಿ ಮಾತ್ರ, ಅಪರಾಧಿ ಅಲ್ಲ. ಈ ಎರಡು ಪದಗಳನ್ನು ಟೀವಿಯಲ್ಲೂ ಬೆರೆಸಿಬಿಡುತ್ತಾರೆ. ನೀವು ಬೆರೆಸಬೇಡಿ.

ಹೆಜ್ಜೆ 7: ಮೂಲಭೂತ ಹಕ್ಕು ಯಾರ ಎದುರು?

"ಇದು ನನ್ನ ಮೂಲಭೂತ ಹಕ್ಕು" ಅಂತ ಪಿಜಿ ಓನರ್ ಮೇಲೆ ರಿಟ್ ಅರ್ಜಿ (ಹಕ್ಕು ಕಾಪಾಡಿ ಅಂತ ನೇರವಾಗಿ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಕೊಡುವ ಅರ್ಜಿ) ಹಾಕಲು ಆಗುವುದಿಲ್ಲ. ಮೂಲಭೂತ ಹಕ್ಕುಗಳು ಇರುವುದು ಮುಖ್ಯವಾಗಿ ಸರ್ಕಾರದ ಎದುರು. ಸರ್ಕಾರ ಹಕ್ಕು ಮೀರಿದರೆ 226ನೇ ವಿಧಿಯಲ್ಲಿ ಹೈಕೋರ್ಟಿಗೆ ಹೋಗಬಹುದು. ನಮ್ಮಲ್ಲಿ ಬೆಂಗಳೂರು ಬಿಟ್ಟರೆ ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ. 32ನೇ ವಿಧಿಯಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೂ ಹೋಗಬಹುದು. ಆದರೆ ಜಾತಿ ಕೇಳಿ ರೂಮು ಇಲ್ಲ ಅಂದರೆ ಮಾತು ಬೇರೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿ ಖಾಸಗಿಯವರನ್ನೂ ಬಿಡುವುದಿಲ್ಲ.

ಸಂವಿಧಾನದ ಪಾಠ ಓದುವಾಗ ಪ್ರಕರಣಗಳ ಹಿಂದೆ ಇದ್ದ ಮನುಷ್ಯರನ್ನು ನೆನಪಿಟ್ಟುಕೊಳ್ಳಿ, ಪಾಠ ತಲೆಯಲ್ಲಿ ಉಳಿಯುತ್ತದೆ. ಕೇಶವಾನಂದ ಭಾರತಿ ಅವರು ಕಾಸರಗೋಡು ಹತ್ತಿರದ ಎಡನೀರು ಮಠದ ಸ್ವಾಮೀಜಿ ಆಗಿದ್ದರು. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಹೋಗುವುದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಕೊಟ್ಟರು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆಧಾರ್ ಪ್ರಶ್ನಿಸಿ ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ಹೆಜ್ಜೆ 8: ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಣ್ಣುಮಕ್ಕಳು, 18ರೊಳಗಿನ ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು, ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಆದಾಯ ನೋಡುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಗೇಟಿನಲ್ಲಿ ಕೇಳಿದರೆ ತೋರಿಸುತ್ತಾರೆ. ಫೋನ್ ಆದರೆ 15100. ಹೋಗುವಾಗ ಮೊದಲ ಹೆಜ್ಜೆಯಲ್ಲಿ ಬರೆದ ಆ ಬಿಳಿ ಹಾಳೆ ಮತ್ತು ದಾಖಲೆಗಳ ಜೆರಾಕ್ಸ್ ಕೈಯಲ್ಲಿರಲಿ.