ದುಂಡಗೆ ಹಾಕಿದ 19 ಸಹಿ

2022ರ ಸೆಪ್ಟೆಂಬರ್ ಮೊದಲ ವಾರ. ಊಟದ ಬಿಡುವಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಪೇಪರಿನ ಒಂದು ತುಂಡು ತಂದು ನನ್ನ ಟಿಫನ್ ಬಾಕ್ಸ್ ಪಕ್ಕ ಇಟ್ಟರು. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರ್ಯಾಚುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಂಸ್ಥೆ ಒಟ್ಟಿಗೆ ಕೊಡುವ ಹಣ) ಕೊಡಲೇಬೇಕು ಅಂತ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ಹೇಳಿದ ಸುದ್ದಿ ಅದು. "ಮೇಡಂ, ನೀವು ಲೆಕ್ಕದವರು. ನನಗೆ ಎಷ್ಟು ಬರುತ್ತೆ ನೋಡಿ ಹೇಳಿ" ಅಂದರು. ಅವರು ಮಾರ್ಚ್ ಕೊನೆಗೆ ನಿವೃತ್ತಿ ಆಗುವವರಿದ್ದರು.

ನಾನು ಕೋಲಾರದ ಒಂದು ಅನುದಾನರಹಿತ ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಚಾಕ್‌ಪೀಸ್ ಡಬ್ಬದ ಮುಚ್ಚಳದ ಒಳಗಡೆ ಲೆಕ್ಕ ಹಾಕಿದೆ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕು, 15ರಿಂದ ಗುಣಿಸಬೇಕು, ಆಮೇಲೆ ಸೇವೆಯ ವರ್ಷಗಳಿಂದ ಗುಣಿಸಬೇಕು. ಮೇಷ್ಟ್ರು ಸೇರಿದ್ದು 2010ರ ಜೂನ್‌ನಲ್ಲಿ. ಮಾರ್ಚ್‌ಗೆ ಹನ್ನೆರಡು ವರ್ಷ ಹತ್ತು ತಿಂಗಳು. ಆರು ತಿಂಗಳು ದಾಟಿದರೆ ಅದನ್ನೂ ಒಂದು ವರ್ಷ ಅಂತ ಹಿಡಿಯುತ್ತಾರೆ, ಹಾಗಾಗಿ 13. ಸಂಬಳ 14,000. ಬಂದ ಉತ್ತರ 1,05,000 ರೂಪಾಯಿ. ಮೇಷ್ಟ್ರು ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದರು. ಅದನ್ನು ಜೇಬಿಗೆ ಹಾಕಿಕೊಂಡು ಹೋದರು.

ನಮ್ಮ ಶಾಲೆಯಲ್ಲಿ ಶಿಕ್ಷಕರು ಒಟ್ಟಾಗಿ ಕೇಳಲು ಶುರು ಮಾಡಿದ್ದು ಆ ಮುಚ್ಚಳದಿಂದ. ಬೇರೆ ಶಾಲೆಗಳವರು "ನೀವು ಹೇಗೆ ಮಾಡಿದಿರಿ?" ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾನೂನಿನಲ್ಲಿ ನಾವು ಎಲ್ಲಿ ನಿಂತಿದ್ದೇವೆ ಅಂತ ತಿಳಿದುಕೊಳ್ಳಬೇಕಾಯಿತು. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಫ್ಯಾಕ್ಟರಿ ಯೂನಿಯನ್‌ನವರು ಆ ಕಾಯ್ದೆ ಹಿಡಿದು ಆಡಳಿತದ ಮುಂದೆ ಕೂರುತ್ತಿದ್ದ ಹಾಗೆ ನಾವು ಕೂರಲು ಆಗುತ್ತಿರಲಿಲ್ಲ. ಗ್ರ್ಯಾಚುಟಿಯದೂ ಇದೇ ಕಥೆ ಇತ್ತು. 2004ರಲ್ಲಿ ಶಿಕ್ಷಕರಿಗೆ ಇಲ್ಲ ಅಂತ ತೀರ್ಪು ಬಂತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಅಂತ ಮಾಡಿತು. ಶಾಲೆಗಳವರು ಕೋರ್ಟಿಗೆ ಹೋದರು, 2022ರಲ್ಲಿ ಸೋತರು. ಅಂದರೆ ನಮಗೆ ಒಂದೇ ದೊಡ್ಡ ಬಾಗಿಲು ಇಲ್ಲ, ಸಣ್ಣ ಸಣ್ಣ ಬಾಗಿಲುಗಳಿವೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ), ಗ್ರ್ಯಾಚುಟಿ, ಕರ್ನಾಟಕ ಶಿಕ್ಷಣ ಕಾಯ್ದೆ. ಒಂದೊಂದನ್ನೂ ಬೇರೆ ಬೇರೆಯಾಗಿ ತಟ್ಟಬೇಕು.

ಎರಡನೆಯದು ಪಿಎಫ್. ನಾವು 26 ಜನ ಶಿಕ್ಷಕರು. 20 ಜನ ಇದ್ದರೆ ಪಿಎಫ್ ಕಡ್ಡಾಯ. ನಮ್ಮಲ್ಲಿ ಕಟ್ಟುತ್ತಿದ್ದದ್ದು ಒಂಬತ್ತು ಜನರಿಗೆ ಮಾತ್ರ. ಉಳಿದವರು ರಿಜಿಸ್ಟರಿನಲ್ಲಿ 'ಟ್ರೈನಿ'. ಐದು ವರ್ಷ ಪಾಠ ಮಾಡಿದವರೂ ಟ್ರೈನಿ! ಆ ಒಂಬತ್ತು ಜನರಲ್ಲಿ ಹಿಂದಿ ಮೇಡಂ ಒಬ್ಬರು. ಅವರ ಸಂಬಳ 11,000. ತಿಂಗಳಿಗೆ ಪಿಎಫ್ ಅಂತ 2,640 ಹಿಡಿಯುತ್ತಿದ್ದರು. ಒಂದು ಶನಿವಾರ ಅವರ ಮೊಬೈಲಿನಲ್ಲಿ ಇಬ್ಬರೂ ಕೂತು ಪಾಸ್‌ಬುಕ್ ತೆಗೆದೆವು. ನೌಕರರ ಪಾಲು 1,320. ಸಂಸ್ಥೆಯ ಪಾಲಿನಲ್ಲಿ ಪಿಎಫ್‌ಗೆ 404, ಪಿಂಚಣಿಗೆ 916. ಕೂಡಿಸಿದರೆ ಸರಿಯಾಗಿ 2,640. ಅಂದರೆ ಎರಡೂ ಪಾಲು ಮೇಡಂ ಸಂಬಳದಿಂದಲೇ ಹೋಗಿತ್ತು. ಸಂಸ್ಥೆ ತನ್ನ ಪಾಲನ್ನು ನೌಕರರ ಸಂಬಳದಿಂದ ಕತ್ತರಿಸುವ ಹಾಗಿಲ್ಲ ಅಂತ ಪಿಎಫ್ ಯೋಜನೆಯಲ್ಲೇ ಇದೆ. ಮೇಡಂ ಏನೂ ಮಾತಾಡಲಿಲ್ಲ. ಅವತ್ತು ಸಂಜೆ ಫೋನ್ ಮಾಡಿ, "ಏನು ಮಾಡೋದಿದ್ರೂ ನನ್ನ ಹೆಸರು ಸೇರಿಸಿ" ಅಂದರು.

ಮೂರನೆಯದು ನನ್ನದೇ ಕೆಲಸ, ಒಂದು 40 ಪುಟದ ನೋಟ್‌ಬುಕ್. ನನಗೆ ವಾರಕ್ಕೆ 44 ಪೀರಿಯಡ್‌ನಲ್ಲಿ 36 ಪಾಠ, ಎಂಟು ಲೀಜರ್, ಅಂದರೆ ಪಾಠ ಇಲ್ಲದ ಪೀರಿಯಡ್. ಯಾರಾದರೂ ರಜೆ ಹಾಕಿದರೆ ಆ ಲೀಜರ್‌ನಲ್ಲಿ ಅವರ ತರಗತಿಗೆ ಹೋಗಿ ಅಂತ ಅಡ್ಜಸ್ಟ್‌ಮೆಂಟ್ ಚೀಟಿ ಬರುತ್ತದೆ. ನಾಲ್ಕು ವಾರ ಆ ಚೀಟಿಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಗಮ್ ಹಾಕಿ ಅಂಟಿಸಿದೆ. 32 ಲೀಜರ್‌ನಲ್ಲಿ 21 ಹೋಗಿತ್ತು. ಮನೆಗೆ ಒಯ್ದ ಉತ್ತರ ಪತ್ರಿಕೆ, ಬಸ್ ಡ್ಯೂಟಿ, ಭಾನುವಾರದ ವಿಶೇಷ ತರಗತಿ, ಎಲ್ಲ ತಾರೀಖು ಹಾಕಿ ಬರೆದೆ. ಆಮೇಲೆ ಇನ್ನೂ ಆರು ಜನ ಹೀಗೇ ಬರೆದರು. ಬಾಯಲ್ಲಿ "ತುಂಬ ಕೆಲಸ ಸಾರ್" ಅಂದರೆ ಯಾರೂ ಕೇಳಲ್ಲ. ತಾರೀಖು ಇದ್ದರೆ ಕೇಳಲೇಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರ. ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಅಂತಿದೆ. ಅದನ್ನು ಹಿಡಿದು "45ಕ್ಕಿಂತ ಜಾಸ್ತಿ ಮಾಡಿಸುವಂತಿಲ್ಲ" ಅಂತ ವಾದಕ್ಕೆ ಇಳಿಯಬೇಡಿ. ಅದು ಕನಿಷ್ಠ, ಗರಿಷ್ಠ ಅಲ್ಲ. ನಾವು ಅದರಿಂದ ತೆಗೆದುಕೊಂಡದ್ದು ಒಂದೇ ಮಾತು: ಆ 45 ಗಂಟೆಯಲ್ಲಿ ಪಾಠದ ತಯಾರಿಯೂ ಸೇರಿದೆ. ತಯಾರಿಯೂ ಕೆಲಸವೇ ಅಂತ ಕಾಯ್ದೆ ಒಪ್ಪಿದ ಮೇಲೆ ಲೀಜರ್ ಅಂದರೆ ಬಿಡುವು ಅಲ್ಲ, ಅಲ್ವಾ?

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಮಾತಾಡಲು ಆಗುತ್ತಿರಲಿಲ್ಲ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕೋಲಾರದ ಬೆಟ್ಟದಲ್ಲಿರುವ ಅಂತರಗಂಗೆಗೆ ಹೋದೆವು. ಒಬ್ಬರು ಚಿತ್ರಾನ್ನ, ಒಬ್ಬರು ಮೊಸರನ್ನ ತಂದಿದ್ದರು. ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯ ಪಕ್ಕ ಕೂತು, ಕೋತಿಗಳಿಂದ ಡಬ್ಬಿ ಕಾಪಾಡಿಕೊಳ್ಳುತ್ತಾ ಮಾತಾಡಿದೆವು. ಮೊದಲ ಒಂದು ಗಂಟೆ ಬರೀ ದುಃಖವೇ. ಏಪ್ರಿಲ್, ಮೇ ಎರಡೂ ತಿಂಗಳು ಸಂಬಳ ಇಲ್ಲ. ಆದರೆ ಅದೇ ಬಿಸಿಲಿನಲ್ಲಿ ಅಡ್ಮಿಷನ್‌ಗೆ ಅಂತ ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ಸುತ್ತಬೇಕು. ಡಿಗ್ರಿ, ಬಿ.ಎಡ್. ಸರ್ಟಿಫಿಕೇಟುಗಳ ಒರಿಜಿನಲ್ ಆಫೀಸಿನ ಬೀರುವಿನಲ್ಲಿ. ಒಬ್ಬ ಮೇಡಂ, ತಾವು ಪಾಠ ಮಾಡಿದ ಹುಡುಗಿ ಪಿಯುಸಿ ಮುಗಿಸಿ ನರಸಾಪುರದ ಫ್ಯಾಕ್ಟರಿಗೆ ಸೇರಿ ತಮಗಿಂತ ಜಾಸ್ತಿ ಸಂಬಳ ತರುತ್ತಾಳೆ ಅಂದರು. ಅವಳ ಬಗ್ಗೆ ಹೆಮ್ಮೆಯಿಂದಲೇ ಹೇಳಿದರು, ಕಣ್ಣು ಮಾತ್ರ ತುಂಬಿತ್ತು.

ಪಟ್ಟಿ ಮಾಡಿದಾಗ 17 ಬೇಡಿಕೆ ಆದವು. ಅಷ್ಟೂ ಇಟ್ಟರೆ ಒಂದೂ ಸಿಗಲ್ಲ ಅಂತ ನಾನು ಹಟ ಹಿಡಿದೆ. ಕಡಿಮೆ ಮಾಡಿ ಐದಕ್ಕೆ ತಂದೆವು: ಎಲ್ಲರಿಗೂ ನೇಮಕಾತಿ ಆದೇಶ, ಒರಿಜಿನಲ್ ವಾಪಸ್, ಪಿಎಫ್ ಸರಿಪಡಿಸುವುದು, ಬೇಸಿಗೆ ಸಂಬಳ, ವಾರಕ್ಕೆ ಎರಡಕ್ಕಿಂತ ಜಾಸ್ತಿ ಅಡ್ಜಸ್ಟ್‌ಮೆಂಟ್ ಬೇಡ. ಹಣ ಖರ್ಚಾಗದ್ದನ್ನು ಬೇಕೆಂದೇ ಮೊದಲು ಇಟ್ಟೆವು. ಮೊದಲ ಎರಡಕ್ಕೆ ಹೂಂ ಅಂದವರು ಮೂರನೆಯದಕ್ಕೆ ಎದ್ದು ಹೋಗುವುದು ಕಷ್ಟ. ಸಂಬಳ ಏರಿಕೆಯನ್ನು ಆ ವರ್ಷಕ್ಕೆ ಬಿಟ್ಟೆವು. ಆ ನಿರ್ಧಾರಕ್ಕೆ ಈಗಲೂ ಕೆಲವರಿಗೆ ನನ್ನ ಮೇಲೆ ಬೇಜಾರಿದೆ. ಆದರೆ ಕೈಯಲ್ಲಿ ಆದೇಶವೇ ಇಲ್ಲದವರು ಯಾವ ಸಂಬಳದ ಮೇಲೆ ಏರಿಕೆ ಕೇಳುವುದು?

ಸಹಿ ಹಾಕುವಾಗ ಪೆನ್ನು ಯಾರ ಕೈಗೂ ಹೋಗಲಿಲ್ಲ. ಮೊದಲ ಹೆಸರು ಯಾರದೋ ಅವರೇ ಮುಂದಾಳು ಅಂತ ಆಗುತ್ತದಲ್ಲ, ಆ ಭಯ. ಪಿಟಿ ಸರ್ ತಮ್ಮ ಸ್ಟೀಲ್ ಲೋಟವನ್ನು ಹಾಳೆಯ ಮೇಲೆ ಬೋರಲು ಇಟ್ಟು ಸುತ್ತ ಗೆರೆ ಎಳೆದರು. ಆ ಗೆರೆಯ ಹೊರಗೆ, ಸೂರ್ಯನ ಕಿರಣದ ಹಾಗೆ, ದುಂಡಗೆ ಸಹಿ ಹಾಕಿದೆವು. ಮೊದಲೂ ಇಲ್ಲ, ಕೊನೆಯೂ ಇಲ್ಲ. 26ರಲ್ಲಿ 19 ಸಹಿ. ಸಹಿ ಹಾಕದ ಏಳು ಜನರನ್ನು ಯಾರೂ ಆಡಿಕೊಳ್ಳಬಾರದು ಅಂತ ಅಲ್ಲೇ ಮಾತು ಕೊಟ್ಟುಕೊಂಡೆವು. ಅವರವರ ಮನೆ ಕಷ್ಟ ಅವರಿಗೇ ಗೊತ್ತು.

ಮುಷ್ಕರದ ಮಾತೂ ಬಂತು. ಎಸ್‌ಎಸ್‌ಎಲ್‌ಸಿ ಮಕ್ಕಳ ಪರೀಕ್ಷೆ ಹತ್ತಿರ ಇತ್ತು. ಪಾಠ ನಿಲ್ಲಿಸಲು ನನ್ನಿಂದ ಆಗಲ್ಲ ಅಂದೆ. ಕನ್ನಡ ಮೇಷ್ಟ್ರೂ ಹಾಗೇ ಅಂದರು. ಅದರ ಬದಲು ಸಮಯ ನೋಡಿಕೊಂಡೆವು. ಫೆಬ್ರವರಿ ಕೊನೆಗೆ ಪತ್ರ ಕೊಟ್ಟೆವು, ಮುಂದಿನ ವರ್ಷದ ಫೀಸು ನಿಗದಿ ಮಾಡುವ ಮೊದಲೇ. ಫೀಸು ಬರೆದಾದ ಮೇಲೆ ಕೇಳಿದರೆ "ಬಜೆಟ್ ಮುಗೀತಲ್ಲಮ್ಮ" ಅನ್ನುತ್ತಾರೆ. ಕೊಟ್ಟ ಪತ್ರಕ್ಕೆ ಆಫೀಸಿನಲ್ಲಿ ಸೀಲು ಹಾಕಲಿಲ್ಲ. ಮಾರನೇ ದಿನವೇ ಅದನ್ನು ರಿಜಿಸ್ಟರ್ ಪೋಸ್ಟ್ ಮಾಡಿದೆವು.

ಮಾತುಕತೆಗೆ ಹೋದದ್ದು ಮೂವರು: ಮೇಷ್ಟ್ರು, ಪಿಟಿ ಸರ್, ನಾನು. ಯಾರನ್ನು ಒಬ್ಬರನ್ನೇ ಕರೆದರೂ ಒಬ್ಬರೇ ಹೋಗುವ ಹಾಗಿಲ್ಲ ಅಂತ ಕಟ್ಟುಪಾಡು ಮಾಡಿಕೊಂಡಿದ್ದೆವು. ಕಾರ್ಯದರ್ಶಿಗಳು ಕಾಫಿ ತರಿಸಿ, "ಮೇಷ್ಟ್ರೇ, ಪಾಠ ಮಾಡೋದು ಅಂದ್ರೆ ಒಂದು ಸೇವೆ ಅಲ್ವಾ?" ಅಂದರು. ಮೇಷ್ಟ್ರು ಮೆಲ್ಲಗೆ, "ಸೇವೆ ಅಂತಲೇ ಮಾಡ್ತಾ ಇದೀನಿ ಸಾರ್. ಮೇ ತಿಂಗಳಲ್ಲೂ ಮನೆ ಬಾಡಿಗೆ ಕಟ್ಟಬೇಕು" ಅಂದರು. ಆಮೇಲೆ ಜೇಬಿನಿಂದ ಚಾಕ್‌ಪೀಸ್ ಡಬ್ಬದ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ತಿಂಗಳು ಅದನ್ನು ಇಟ್ಟುಕೊಂಡಿದ್ದರು ಅಂತ ನನಗೂ ಗೊತ್ತಿರಲಿಲ್ಲ.

ಒಟ್ಟು ನಾಲ್ಕು ಸಲ ಕೂತೆವು. ಪ್ರತಿ ಸಲ ಹೊರಗೆ ಬಂದ ತಕ್ಷಣ, ಅವತ್ತೇ, "ಇಂದಿನ ಮಾತುಕತೆಯಲ್ಲಿ ಒಪ್ಪಿದ ವಿಷಯಗಳು" ಅಂತ ಅರ್ಧ ಪುಟ ಬರೆದು ಕೊಡುತ್ತಿದ್ದೆ. ಮೂರನೇ ಸಲ "ನಾವು ಹಾಗೆ ಹೇಳಲೇ ಇಲ್ಲ" ಅಂದಾಗ ಎರಡನೇ ಸಲದ ಅರ್ಧ ಪುಟ ನಮ್ಮನ್ನು ಕಾಪಾಡಿತು. ನನ್ನಿಂದ ಏನಾದರೂ ಒಂದು ಕಲಿಯುವುದಿದ್ದರೆ ಆ ಅರ್ಧ ಪುಟ ಬರೆಯುವುದನ್ನು ಕಲಿಯಿರಿ.

ಒರಿಜಿನಲ್‌ಗಳು ಏಪ್ರಿಲ್‌ನಲ್ಲೇ ವಾಪಸ್ ಬಂದವು. ನೇಮಕಾತಿ ಆದೇಶ ಜೂನ್‌ನಲ್ಲಿ ಸಿಕ್ಕಿತು. ಪಿಎಫ್‌ಗೆ ಎಲ್ಲರೂ ಸೇರಿದರು, ಸಂಸ್ಥೆಯ ಪಾಲನ್ನು ಸಂಸ್ಥೆಯೇ ಕಟ್ಟುತ್ತಿದೆ. ಹಳೆಯ ವರ್ಷಗಳಲ್ಲಿ ಹಿಡಿದ ದುಡ್ಡು ಹಿಂದಿ ಮೇಡಂಗೆ ಇನ್ನೂ ಬಂದಿಲ್ಲ, ಪಿಎಫ್ ಕಚೇರಿಗೆ ದೂರು ಕೊಟ್ಟಿದ್ದಾರೆ. ಬೇಸಿಗೆ ಸಂಬಳ ಏಪ್ರಿಲ್‌ಗೆ ಮಾತ್ರ ಒಪ್ಪಿದರು. ಅಡ್ಜಸ್ಟ್‌ಮೆಂಟ್ ವಾರಕ್ಕೆ ಮೂರು.

ಮೇಷ್ಟ್ರ ಗ್ರ್ಯಾಚುಟಿ ಸುಮ್ನೆ ಬರಲಿಲ್ಲ. 30 ದಿನದೊಳಗೆ ಕೊಡಬೇಕಿತ್ತು, ಕೊಡಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಹಾಕುತ್ತೇವೆ ಅಂತ ಬರೆದ ಮೇಲೆ ಜುಲೈನಲ್ಲಿ ಚೆಕ್ ಬಂತು. 1,05,000.

ಒಂದು ವಿಷಯ ನನ್ನನ್ನು ಈಗಲೂ ಕೊರೆಯುತ್ತದೆ. ಸಹಿ ಹಾಕಿದವರಲ್ಲಿ ಹೊಸಬರಾದ ವಿಜ್ಞಾನದ ಮೇಡಂಗೆ ಮೇ ಕೊನೆಗೆ ಫೋನ್ ಬಂತು: "ಈ ವರ್ಷದಿಂದ ಬರೋದು ಬೇಡಮ್ಮ." ಅಷ್ಟೇ. ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ವಿಚಾರಣೆ ಇಲ್ಲದೆ ವಜಾ ಮಾಡುವ ಹಾಗಿಲ್ಲ, 94ರ ಪ್ರಕಾರ ಮೂರು ತಿಂಗಳೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಾವು ಜೊತೆಗೆ ಬರುತ್ತೇವೆ ಅಂದೆವು. ಆದರೆ ಅವರ ಕೈಯಲ್ಲಿ ತೋರಿಸಲು ಆದೇಶವೇ ಇರಲಿಲ್ಲ, ಮನೆಯಲ್ಲೂ ಬೇಡ ಅಂದರು. ಈಗ ಮಾಲೂರಿನ ಒಂದು ಶಾಲೆಯಲ್ಲಿದ್ದಾರೆ. ಎಲ್ಲರ ಕೈಗೂ ಆದೇಶ ಬರುವವರೆಗೆ ಸಹಿ ಹಾಕಿಸಬೇಡಿ, ಕನಿಷ್ಠ ಹೊಸಬರಿಂದ ಹಾಕಿಸಬೇಡಿ ಅಂತ ಇವತ್ತು ಯಾರಾದರೂ ಕೇಳಿದರೆ ಹೇಳುತ್ತೇನೆ. ಅವತ್ತು ನನಗದು ಹೊಳೆಯಲಿಲ್ಲ.

ಪಟ್ಟಿಯಲ್ಲಿ ನಾವು ಆಯಾಗಳನ್ನೂ ಬಸ್ ಡ್ರೈವರ್‌ಗಳನ್ನೂ ಮರೆತಿದ್ದೆವು. ಆದೇಶ ಕೊಟ್ಟ ದಿನ ಎಲ್‌ಕೆಜಿ ಆಯಮ್ಮ ಬಂದು "ಅದರಲ್ಲಿ ನಮ್ಮ ಹೆಸರೂ ಇದೆಯಾ ಮೇಡಂ?" ಅಂತ ಕೇಳಿದರು. ಮುಂದಿನ ಸಲ ಅಂತರಗಂಗೆಗೆ ಹೋದಾಗ ಅವರು ರಾಗಿ ಮುದ್ದೆ, ಅವರೆಕಾಳು ಸಾರು ತಂದಿದ್ದರು. ಈ ಸಲದ ಹಾಳೆಯಲ್ಲಿ ಲೋಟದ ಗೆರೆ ಸಾಲಲಿಲ್ಲ, ತಟ್ಟೆ ಬೋರಲು ಹಾಕಿದೆವು.