ಮೊಟ್ಟೆ ಚಿಪ್ಪು ಹಾಕಿ ಬಯೋಡೀಸೆಲ್: ನಾನು ಮಾಡುವ ರೀತಿ

ಹೊಂಗೆ ಎಣ್ಣೆಯ ಬಯೋಡೀಸೆಲ್ ಕರ್ನಾಟಕಕ್ಕೆ ಹೊಸದಲ್ಲ. ನಮ್ಮ ಕಾಲೇಜು ಲ್ಯಾಬಿನಲ್ಲೂ ಎಣ್ಣೆಗೆ ಮೆಥನಾಲ್ ಸೇರಿಸಿ, ಕ್ರಿಯೆ ಚುರುಕಾಗಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಮಾಡುತ್ತಿದ್ದೆವು. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅದು ಮೆಥನಾಲ್‌ನಲ್ಲಿ ಕರಗಿಬಿಡುತ್ತದೆ. ಆಮೇಲೆ ತೆಗೆಯಲು ಮತ್ತೆ ಮತ್ತೆ ನೀರು ಹಾಕಿ ತೊಳೆಯಬೇಕು. ಹಸಿರು ಇಂಧನ ಅಂತ ಹೊರಟು ಬಕೆಟ್‌ಗಟ್ಟಲೆ ಸೋಪಿನ ನೀರನ್ನು ಚರಂಡಿಗೆ ಬಿಡೋದು ನನಗೆ ಸರಿ ಕಾಣಲಿಲ್ಲ. ಸೋಸಿ ತೆಗೆಯಬಹುದಾದ ಪುಡಿ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಬೇಕಿತ್ತು. ಹಾಗೆ ಮೊಟ್ಟೆ ಚಿಪ್ಪಿಗೆ ಬಂದೆ.

ಚಿಪ್ಪನ್ನು ಎಗ್ ರೈಸ್ ಗಾಡಿಯವರು ಸುಮ್ನೆ ಕೊಡುತ್ತಾರೆ. ಅದರಲ್ಲಿ ಮುಕ್ಕಾಲುಪಾಲಿಗಿಂತ ತುಂಬಾ ಜಾಸ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಬಿಸಿನೀರಲ್ಲಿ ತೊಳೆದು, ಒಳಪೊರೆ ಬಿಡಿಸಿ, ಒಣಗಿಸಿ ಪುಡಿ ಮಾಡುತ್ತೇನೆ. ಮಫಲ್ ಫರ್ನೇಸಿನಲ್ಲಿ (ಲ್ಯಾಬಿನ ವಿದ್ಯುತ್ ಕುಲುಮೆ) 900 ಡಿಗ್ರಿಗೆ ಸುಮಾರು 3 ಗಂಟೆ ಇಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಉಳಿಯುತ್ತದೆ. ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಪುಡಿ ಬೂದು ಬಣ್ಣದಲ್ಲಿದ್ದರೆ ಇನ್ನೂ ಸುಡಬೇಕು, ಬೆಳ್ಳಗಾಗಬೇಕು. ಪೊರೆ ಉಳಿದಿದ್ದರೆ ವಾಸನೆ ಇಡೀ ಕಾರಿಡಾರಿಗೆ ಹೊಡೆಯುತ್ತದೆ, ಪಕ್ಕದ ಲ್ಯಾಬಿನವರಿಗೆ ಮೊದಲೇ ಹೇಳಿಬಿಡಿ.

ನಿಜವಾದ ಕಷ್ಟ ಇಲ್ಲಿಂದ ಶುರು. ಈ ಪುಡಿ ಗಾಳಿಯಿಂದ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಎಳೆದುಕೊಂಡು ಚುರುಕು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಇನ್ನೂ ಬೇಗ. ಬಿಸಿಯಿರುವಾಗಲೇ ಡೆಸಿಕೇಟರಿಗೆ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ಹಾಕಿ, ಆದಷ್ಟು ಬೇಗ ಬಳಸುತ್ತೇನೆ. ಎಣ್ಣೆಯೂ ಒಣಗಿರಬೇಕು. ಹೊಂಗೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಜಾಸ್ತಿ ಇರುತ್ತದೆ, ಹಾಗೇ ಹಾಕಿದರೆ ಸೋಪಾಗುತ್ತದೆ. ಅದಕ್ಕೆ ಮೊದಲು ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಮತ್ತು ಮೆಥನಾಲ್ ಜೊತೆ ಕಾಯಿಸಿ, ಕೊಬ್ಬಿನಾಮ್ಲ ಎಷ್ಟು ಉಳಿದಿದೆ ಅಂತ ಟೈಟ್ರೇಶನ್ ಮಾಡಿ ನೋಡುತ್ತೇನೆ. ಆಸಿಡ್ ತೆಗೆದು, ತೇವ ಹೋಗುವಂತೆ ಕಾಯಿಸಿದ ಮೇಲೇ ಸುಣ್ಣ.

100 ಮಿಲಿ ಎಣ್ಣೆಗೆ ಹತ್ತಿರ ಹತ್ತಿರ 50 ಮಿಲಿ ಮೆಥನಾಲ್, ಎಣ್ಣೆಯ ತೂಕದ 3ರಿಂದ 5% ಪುಡಿ. ರಿಫ್ಲಕ್ಸ್ ಕಂಡೆನ್ಸರ್ (ಆವಿಯನ್ನು ತಣಿಸಿ ಮತ್ತೆ ಪಾತ್ರೆಗೇ ಇಳಿಸುವ ಕೊಳವೆ) ಹಾಕಿ 60–65 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಜೋರಾಗಿ ಕಲಕಬೇಕು. ಮೆಥನಾಲ್ ವಿಷ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಇಲ್ಲದೆ, ಮನೆಯ ಒಲೆ ಮೇಲೆ, ದಯವಿಟ್ಟು ಮಾಡಬೇಡಿ.

ಪುಡಿ ಕ್ಯಾಟಲಿಸ್ಟ್ ಆದರೆ ಸೋಸಿದರೆ ಸಾಕು, ಇಂಧನವನ್ನು ತೊಳೆಯೋದೇ ಬೇಡ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸ್ವಲ್ಪ ಕ್ಯಾಲ್ಸಿಯಂ ಕರಗಿ ಇಂಧನಕ್ಕೆ ಸೇರುತ್ತದೆ. ಯುರೋಪಿನ ಇಎನ್ 14214 ಮಾನದಂಡದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ ಕೆಜಿಗೆ 5 ಮಿಲಿಗ್ರಾಂ ಮೀರುವಂತಿಲ್ಲ. ಹಾಗಾಗಿ ಸ್ವಲ್ಪ ನೀರಲ್ಲಿ ತೊಳೆಯುತ್ತೇನೆ. ಮೊದಲಿನಷ್ಟು ನೀರು ಮಾತ್ರ ಬೇಕಾಗುವುದಿಲ್ಲ.

ಬಳಸಿ ಚುರುಕು ಕಳೆದುಕೊಂಡ ಪುಡಿಯನ್ನು ಮತ್ತೊಮ್ಮೆ ಸುಟ್ಟು ಪಾತ್ರೆ ತೊಳೆದ ನೀರಿಗೆ ಹಾಕಿ ನೋಡುತ್ತಿದ್ದೇನೆ. ಆ ನೀರಿನಲ್ಲಿರುವ ಫಾಸ್ಫೇಟ್ ಸುಣ್ಣದ ಜೊತೆ ಸೇರಿ ಗಸಿಯಾಗಿ ಕೆಳಗೆ ಕೂರುತ್ತದೆ. ಮೇಲಿನ ನೀರಿನ ಪಿಎಚ್ 11ರ ಆಸುಪಾಸಿಗೆ ಏರಿರುತ್ತದೆ, ಇಳಿಸದೆ ಗಿಡಕ್ಕೆ ಹಾಕುವಂತಿಲ್ಲ.