ಮಾನ್ಸ್ಟರ್ ಸಿನಿಮಾದ ಪಾರ್ಟ್ ಟೂ ಹಾಕೋ ಮುಂಚೆ ಏನ್ ನೋಡ್ಕೋಬೇಕು

ಕಮ್ಮಿ ದುಡ್ಡಲ್ಲಿ ಮಾಡಿರೋ ಮಾನ್ಸ್ಟರ್ ಸಿನಿಮಾ ಒಂದು ಸಕತ್ತಾಗಿದ್ರೆ ಸಾಕು, ಮುಗಿದ ತಕ್ಷಣ ರೂಮಲ್ಲಿ ಯಾರಾದ್ರೂ ಒಬ್ಬ ಅಂದೇ ಅಂತಾನೆ, "ಪಾರ್ಟ್ ಟೂನೂ ಐತಂತೆ, ಹಾಕ್ಲಾ" ಅಂತ. ಹಾಕಿ ಅರ್ಧ ಗಂಟೆ ಆಗೋಷ್ಟ್ರಲ್ಲಿ ಎಲ್ರ ಕೈಗೂ ಮೊಬೈಲ್ ಬಂದಿರತ್ತೆ, ಮೊದಲನೇದು ನೋಡಿ ಬಂದಿದ್ದ ಆ ಜೋಶ್ ಕೂಡ ಹೋಗಿರತ್ತೆ. ಇದು ಅದೃಷ್ಟಕ್ಕೆ ಬಿಡೋ ವಿಷಯ ಅಲ್ಲ ಕಣ್ರೀ. ಹತ್ತು ನಿಮಿಷ ಕೂತು ನೋಡ್ಕೊಂಡ್ರೆ ಯಾವ ಪಾರ್ಟ್ ಟೂ ಹಾಕ್ಬೋದು ಯಾವ್ದನ್ನ ಮುಟ್ಟಬಾರ್ದು ಅಂತ ಸುಮಾರಾಗಿ ಗೊತ್ತಾಗ್ಬಿಡತ್ತೆ. ಮೈಸೂರಲ್ಲಿ ರೂಮ್ ಮಾಡ್ಕೊಂಡು ಓದ್ತಿರೋ, ಕೆಲ್ಸ ಮಾಡ್ತಿರೋ ಹುಡುಗ ಹುಡುಗೀರು ಶನಿವಾರ ರಾತ್ರಿ ಲ್ಯಾಪ್‌ಟಾಪ್ ಸುತ್ತ ಸೇರ್ಕೋತಾರಲ್ಲ, ಅವ್ರಿಗೋಸ್ಕರ ಇದನ್ನ ಬರೀತಿರೋದು.

ಮೊದ್ಲು ಮಾಡ್ಬೇಕಾಗಿರೋದು ಏನಂದ್ರೆ, ಮೊದಲನೇ ಪಾರ್ಟ್ ಯಾಕೆ ಚೆನ್ನಾಗಿತ್ತು ಅಂತ ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಅದ್ರಲ್ಲಿ ಮಾನ್ಸ್ಟರ್‌ನ ಮುಚ್ಚಿಟ್ಟಿದ್ದು ಯಾವ್ದು? ಮಣ್ಣಾ, ಕತ್ತಲಾ, ನೀರಾ, ದೂರನಾ? ದುಡ್ಡಿಲ್ದೋರು ಮಾನ್ಸ್ಟರ್‌ನ ಜಾಸ್ತಿ ಹೊತ್ತು ತೋರ್ಸಕ್ಕಾಗಲ್ಲ, ಅದಕ್ಕೇ ಬಚ್ಚಿಡೋ ದಾರಿ ಹುಡುಕ್ತಾರೆ, ಆ ದಾರೀನೇ ಸಿನಿಮಾದ ಜೀವ. 1990ರ ಟ್ರೆಮರ್ಸ್ ತಗೊಳ್ಳಿ. ನೆವಾಡಾ ಮರುಭೂಮೀಲಿ ಪರ್ಫೆಕ್ಷನ್ ಅಂತ ಒಂದು ಪುಟ್ಟ ಊರು, ನೆಲದೊಳಗೆ ದೈತ್ಯ ಹುಳ, ಮೇಲೆ ಯಾರಾದ್ರೂ ನಡೆದ್ರೆ ಆ ಅದುರಾಟ ಹಿಡಿದು ಬರ್ತವೆ. ತುಂಬಾ ಹೊತ್ತು ನಮಗೆ ಕಾಣ್ಸೋದು ಏಳ್ತಿರೋ ಮಣ್ಣು, ಮುರಿತಿರೋ ಹಲಗೆ ಇಷ್ಟೇ. ಒಬ್ಬ ಮುದುಕ ಕರೆಂಟ್ ಟವರ್ ಹತ್ತಿ ಕೂತು, ಇಳಿಯಕ್ಕೆ ಹೆದ್ರಿ, ನೀರಿಲ್ದೆ ಅಲ್ಲೇ ಸತ್ತಿರ್ತಾನೆ. ಹುಳ ಇನ್ನೂ ಒಂದ್ಸಲನೂ ಕಾಣ್ಸಿರಲ್ಲ, ಆದ್ರೂ ನಮಗೆ ಕಾಲು ನೆಲಕ್ಕಿಡಕ್ಕೆ ಮನಸ್ಸಾಗಲ್ಲ.

ಮಂಡ್ಯ ಕಡೆ ಕಬ್ಬಿನ ಗದ್ದೆ ಊರಲ್ಲಿ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಗದ್ದೇಲಿ ಚಿರತೆ ಸೇರ್ಕೊಂಡಿದೆ ಅಂತ ಸುದ್ದಿ ಬಂದಾಗ ಕಬ್ಬಿನ ಗರಿ ಅಲ್ಲಾಡಿದ್ರೂ ಎದೆ ಧಸಕ್ ಅನ್ನತ್ತೆ, ಅದೇ ಚಿರತೆ ಬೋನಿಗೆ ಬಿದ್ದ ದಿನ ಊರೋರೆಲ್ಲ ಸುತ್ತ ನಿಂತ್ಕೊಂಡು ಫೋಟೋ ತೆಗೀತಿರ್ತಾರೆ. 2022ರ ಕೊನೇಲಿ ಕೆಆರ್‌ಎಸ್ ಬೃಂದಾವನದಲ್ಲಿ ಚಿರತೆ ಓಡಾಡ್ತಿದೆ ಅಂತ ಗಾರ್ಡನ್ನನ್ನೇ ಕ್ಲೋಸ್ ಮಾಡಿದ್ರಲ್ಲ, ಆಗ ಆ ಕಡೆ ಹೋಗಕ್ಕೆ ಹೆದರ್ತಿದ್ದ ಎಷ್ಟೋ ಜನ ಅದನ್ನ ಕಣ್ಣಲ್ಲಿ ನೋಡೇ ಇರ್ಲಿಲ್ಲ. ಕೆಟ್ಟ ಪಾರ್ಟ್ ಟೂ ಮಾಡೋದು ಇದೇ ತಪ್ಪು, ಬೋನಲ್ಲಿರೋ ಚಿರತೇನ ಒಂದೂವರೆ ಗಂಟೆ ತೋರ್ಸೋದು.

ಈಗ ಆ ಪ್ರಶ್ನೆ ಇಟ್ಕೊಂಡು ದಿ ಡಿಸೆಂಟ್ ನೋಡಿ, 2005ರದ್ದು, ನೀಲ್ ಮಾರ್ಷಲ್ ಡೈರೆಕ್ಷನ್. ಆರು ಜನ ಹೆಂಗಸ್ರು ಗುಹೆಗೆ ಇಳೀತಾರೆ, ದಾರಿ ಮುಚ್ಚೋಗತ್ತೆ. ಸುಮಾರು ಅರ್ಧ ಸಿನಿಮಾ ಇಕ್ಕಟ್ಟು, ಕತ್ತಲು, ಅವ್ರವ್ರ ಜಗಳ ಇಷ್ಟ್ರಲ್ಲೇ ಹೋಗತ್ತೆ, ಆಮೇಲೆ ಆ ಕುರುಡು ಜೀವಿಗಳು ಬರ್ತವೆ. ಆ ಗುಹೆ ನಿಜವಾದ್ದಲ್ಲ, ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು, ಬೆಳಕು ಅಂದ್ರೆ ಹೆಲ್ಮೆಟ್ ಲೈಟು, ಫ್ಲೇರು ಇಂಥದ್ದೇ. ಆ ಜೀವಿಗಳ ವೇಷದಲ್ಲಿದ್ದೋರನ್ನ ನಟಿಯರಿಗೆ ಮುಂಚೆ ತೋರ್ಸದೇ ಇಟ್ಟು, ಮೊದಲ ಸಲ ಎದುರಾಗೋ ಸೀನ್ ಶೂಟ್ ಮಾಡುವಾಗ್ಲೇ ಬಿಟ್ಟಿದ್ರು ಮಾರ್ಷಲ್. ಬಚ್ಚಿಡೋದನ್ನ ಅಷ್ಟು ಸೀರಿಯಸ್ಸಾಗಿ ತಗೊಂಡಿದ್ರು.

2009ರ ಪಾರ್ಟ್ ಟೂ ಏನ್ ಮಾಡ್ತು? ಮೊದಲನೇದ್ರಿಂದ ಬದುಕಿ ಬಂದ ನಾಯಕಿ ಸಾರಾನ, ಅದೂ ನೆನಪೆಲ್ಲ ಹೋಗಿರೋಳನ್ನ, ಒಬ್ಬ ಶೆರಿಫ್ ಹುಡುಕೋ ಟೀಮ್ ಜೊತೆ ವಾಪಸ್ ಅದೇ ಗುಹೆಗೆ ಇಳಿಸ್ತಾನೆ. ಯಾವ ಪೊಲೀಸ್ ಹಂಗೆ ಮಾಡ್ತಾನೆ ಹೇಳಿ. ಅದಕ್ಕಿಂತ ದೊಡ್ಡ ತೊಂದ್ರೆ ಏನಂದ್ರೆ ಆ ಜೀವಿಗಳಿಗೆ ಕಣ್ಣು ಕಾಣಲ್ಲ, ಕಿವೀಲೇ ಬೇಟೆ ಆಡ್ತವೆ ಅಂತ ನಮಗೆ ಆಗ್ಲೇ ಗೊತ್ತು, ಟೀಮ್‌ನೋರಿಗೆ ಗೊತ್ತಿಲ್ಲ, ಅವ್ರು ಕಂಡ್ಕೊಳೋವರೆಗೂ ನಾವು ಕಾಯ್ಬೇಕು. ಇದನ್ನ ಡೈರೆಕ್ಟ್ ಮಾಡಿದ್ದು ಮೊದಲನೇದ್ರ ಎಡಿಟರ್ ಜಾನ್ ಹ್ಯಾರಿಸ್, ಕೆಲ್ಸ ಗೊತ್ತಿಲ್ದೋರೇನಲ್ಲ, ಆದ್ರೆ ಕತೆ ಹೊಸದಾಗಿ ಏನನ್ನೂ ಬಚ್ಚಿಟ್ಟಿಲ್ಲ. ಇನ್ನೊಂದು, ಮೊದಲನೇದಕ್ಕೆ ಎರಡು ಎಂಡಿಂಗ್ ಇದೆ. ಇಂಗ್ಲೆಂಡ್ ಕಾಪೀಲಿ ಸಾರಾ ಆಚೆ ಬಂದಂಗೆ ಅನ್ಸಿ ಮತ್ತೆ ಗುಹೇಲೇ ಕಣ್ಣು ಬಿಡ್ತಾಳೆ, ಅಮೆರಿಕದ ಕಾಪೀಲಿ ಆ ಕೊನೇ ತುಂಡು ಕಟ್. ಪಾರ್ಟ್ ಟೂ ಶುರುವಾಗೋದು ಆ ಕಟ್ ಆಗಿರೋ ಎಂಡಿಂಗ್ ಹಿಡ್ಕೊಂಡು. ಹಂಗಾಗಿ ಮೊದಲನೇದು ಹಾಕೋವಾಗ ಇಂಗ್ಲೆಂಡ್ ಎಂಡಿಂಗ್ ಇರೋ ಕಾಪೀನೇ ಹುಡುಕಿ, ಅದನ್ನ ನೋಡಿ ನಿಲ್ಸಿ. ಅಷ್ಟು ಒಳ್ಳೆ ಎಂಡಿಂಗ್‌ನ ಇಲ್ಲ ಅಂದ್ಕೊಂಡು ಮುಂದುವರಿಯೋ ಸಿನಿಮಾ ನೋಡಕ್ಕೆ ನನಗಂತೂ ಮನಸ್ಸು ಬರಲ್ಲ.

ಎರಡನೇ ಚೆಕ್, ಪಾರ್ಟ್ ಟೂನಲ್ಲಿ ಹೊಸ ರೂಲ್ ಏನಾದ್ರೂ ಇದ್ಯಾ. ಮಾನ್ಸ್ಟರ್ ಸಂಖ್ಯೆ ಜಾಸ್ತಿ ಆಗಿದೆ ಅನ್ನೋದು ಹೊಸ ರೂಲ್ ಅಲ್ಲ. ಇದಕ್ಕೆ ಬೆಸ್ಟ್ ಎಕ್ಸಾಂಪಲ್ 1996ರ ಟ್ರೆಮರ್ಸ್ 2. ದುಡ್ಡು ಮೊದಲನೇದಕ್ಕಿಂತ್ಲೂ ಕಮ್ಮಿ, ಮೊದಲನೇದ್ರ ಹೀರೋ ಕೆವಿನ್ ಬೇಕನ್ ಇಲ್ಲ, ಥಿಯೇಟ್ರಿಗೆ ಹೋಗ್ದೆ ನೇರ ವಿಡಿಯೋಗೆ ಬಂದಿದ್ದು, ಕಾಗದದ ಮೇಲೆ ನೋಡಿದ್ರೆ ಎಲ್ಲ ಲಕ್ಷಣನೂ ಕೆಟ್ಟದ್ದೇ. ಆದ್ರೆ ನೋಡಿ, ಮೆಕ್ಸಿಕೋದ ಎಣ್ಣೆ ಬಾವಿ ಹತ್ರ ಹುಳ ಬಂದಿವೆ, ಮೊದಲನೇ ಪಾರ್ಟಲ್ಲಿದ್ದ ಅರ್ಲ್ ಅನ್ನೋನು ಹೋಗ್ತಾನೆ, ರಿಮೋಟ್ ಆಟಿಕೆ ಕಾರಿಗೆ ಸಿಡಿಮದ್ದು ಕಟ್ಟಿ ನೆಲದ ಮೇಲೆ ಓಡ್ಸಿ ಒಂದೊಂದೇ ಹುಳ ಹೊಡೀತಾ ಬರ್ತಾನೆ, ನಾವೂ ಅಯ್ಯೋ ಇಷ್ಟು ಸುಲಭಾನಾ ಅಂದ್ಕೊಂಡು ಆರಾಮಾಗಿ ಕೂತ್ಕೋತೀವಿ. ಆಗ ಆ ಹುಳದೊಳಗಿಂದ ಎರಡು ಕಾಲಲ್ಲಿ ಓಡೋ ಸಣ್ಣ ಜಾತಿ ಆಚೆ ಬರತ್ತೆ. ಇವಕ್ಕೆ ಕಿವಿನೇ ಕೇಳ್ಸಲ್ಲ, ಶಾಖ ಹಿಡಿದು ಬರ್ತವೆ, ಊಟ ಸಿಕ್ರೆ ಮರಿ ಹಾಕ್ತವೆ. ಮೊದಲನೇ ಪಾರ್ಟಲ್ಲಿ ಕಲ್ತಿದ್ದೆಲ್ಲ, ಅಲ್ಲಾಡದೆ ನಿಂತ್ಕೋ, ಬಂಡೆ ಹತ್ತು, ಏನೂ ಕೆಲ್ಸಕ್ಕೆ ಬರಲ್ಲ. ನಮಗೂ ಅವ್ರಷ್ಟೇ ಗೊತ್ತಿರೋದು. ಮಾನ್ಸ್ಟರ್ ಕಣ್ಣಿಗೆ ಕಾಣ್ತಿದ್ರೂ ಅದ್ರ ಬುದ್ಧಿ ಮುಚ್ಚಿಟ್ಟಿದ್ದಾರೆ, ಅದೇ ಸಾಕು. ಇದನ್ನ ಡೈರೆಕ್ಟ್ ಮಾಡಿದ ಎಸ್. ಎಸ್. ವಿಲ್ಸನ್ ಮೊದಲನೇ ಸಿನಿಮಾದ ಕತೆ ಬರೆದೋರಲ್ಲಿ ಒಬ್ರು.

ಅದಕ್ಕೇ ಮೂರನೇ ಚೆಕ್ ಡೈರೆಕ್ಟರ್ ಹೆಸ್ರಿಗಿಂತ ಮೊದ್ಲು ರೈಟರ್ ಹೆಸ್ರು ನೋಡಿ ಅನ್ನೋದು. ಡೈರೆಕ್ಟರ್ ಎಷ್ಟೇ ಗಟ್ಟಿಗ್ರಾದ್ರೂ ಕೈ ಕಟ್ಟಿಹಾಕಿದ್ರೆ ಆಗಲ್ಲ. ಮನುಷ್ಯರನ್ನ ತಿನ್ನೋ ಮೀನಿನ ಸಿನಿಮಾ, 1978ರ ಪಿರಾನಾ, ಜೋ ಡಾಂಟೆ ಮಾಡಿದ್ದು, ಕತೆ ಜಾನ್ ಸೇಲ್ಸ್, ಚಿಕ್ಕ ದುಡ್ಡಿನ ಚೂಟಿ ಸಿನಿಮಾ. ಅದ್ರ ಪಾರ್ಟ್ ಟೂ ಮೇಲೆ ಡೈರೆಕ್ಟರ್ ಅಂತ ಇರೋ ಹೆಸ್ರು ಜೇಮ್ಸ್ ಕ್ಯಾಮರೂನ್! ಆದ್ರೆ ಅಲ್ಲಿ ಪ್ರೊಡ್ಯೂಸರ್ ಮಾತೇ ನಡೆದಿದ್ದು. ಮೀನಿಗೆ ರೆಕ್ಕೆ ಹಚ್ಚಿ ಹಾರ್ಸಿದ್ದಾರೆ. ಅದೇ ಮನುಷ್ಯ 1984ರಲ್ಲಿ ಟರ್ಮಿನೇಟರ್ ಮಾಡಿದ್ರು ಅಂದ್ಮೇಲೆ ತಪ್ಪು ಯಾರ್ದು ಅಂತ ನೀವೇ ಲೆಕ್ಕ ಹಾಕಿ. ಈ ರೆಕ್ಕೆ ವಿಷಯ ನೆನಪಿಟ್ಕೊಳ್ಳಿ, ನೀರಲ್ಲಿದ್ದಿದ್ದು ನೆಲದೊಳಗಿದ್ದಿದ್ದು ಹಾರಕ್ಕೆ ಶುರು ಮಾಡ್ತು ಅಂದ್ರೆ ಬಚ್ಚಿಡಕ್ಕೆ ಜಾಗನೇ ಉಳಿಯಲ್ಲ, ಆಕಾಶ ಖಾಲಿ. 2001ರ ಟ್ರೆಮರ್ಸ್ 3ರಲ್ಲೂ ಹಾರೋ ಜಾತಿ ಬರತ್ತೆ, ಅಲ್ಲಿಂದ ನನಗೆ ಆ ಸೀರೀಸ್‌ನಲ್ಲಿ ಭಯ ಹೋಯ್ತು, ಮೈಕೆಲ್ ಗ್ರಾಸ್ ಮಾಡೋ ಬರ್ಟ್ ಪಾತ್ರದ ಮೇಲಿನ ಪ್ರೀತಿ ಮಾತ್ರ ಉಳೀತು.

ಹೊಸದು ಮಾಡ್ಬೇಕು ಅಂತ ಮಾನ್ಸ್ಟರ್‌ನೇ ಮರೆಯೋದೂ ಇದೆ. ಗ್ಯಾರೆತ್ ಎಡ್ವರ್ಡ್ಸ್ 2010ರಲ್ಲಿ ಮಾನ್ಸ್ಟರ್ಸ್ ಮಾಡಿದ್ದು 5 ಲಕ್ಷ ಡಾಲರ್‌ಗಿಂತ ಕಮ್ಮೀಲಿ, ಗ್ರಾಫಿಕ್ಸೂ ಅವ್ರೇ ಕೂತು ಮಾಡಿದ್ದು. ಇಬ್ರು ಮೆಕ್ಸಿಕೋದಿಂದ ಅಮೆರಿಕ ಬಾರ್ಡರ್‌ಗೆ ಹೋಗೋ ಕತೆ, ಆ ಜೀವಿಗಳು ದೂರದಲ್ಲಿ, ಟೀವೀಲಿ, ನೀರಿನ ಕೆಳಗೆ. 2014ರ ಪಾರ್ಟ್ ಟೂ ಮಾಡೋ ಹೊತ್ತಿಗೆ ಅವ್ರು ಗಾಡ್ಜಿಲ್ಲಾ ಸಿನಿಮಾದಲ್ಲಿದ್ರು, ಬೇರೆಯೋರು ಡೈರೆಕ್ಟ್ ಮಾಡಿದ್ರು, ಅದು ಮಧ್ಯಪ್ರಾಚ್ಯದಲ್ಲಿ ಅಮೆರಿಕದ ಸೈನಿಕರ ಯುದ್ಧದ ಸಿನಿಮಾ ಆಗೋಯ್ತು. ಜೀವಿಗಳ್ನ ತೆಗೆದುಹಾಕಿದ್ರೂ ಕತೆ ಹಂಗೇ ನಡೆಯತ್ತೆ. ಟ್ರೈಲರ್ ನೋಡುವಾಗ ಇದನ್ನೇ ಕೇಳ್ಕೊಳ್ಳಿ, ಮಾನ್ಸ್ಟರ್ ತೆಗೆದ್ರೆ ಏನಾದ್ರೂ ಕೆಡತ್ತಾ? ಕೆಡಲ್ಲ ಅಂದ್ರೆ ಬಿಟ್ಬಿಡಿ. 1984ರ ಸಿ.ಎಚ್.ಯು.ಡಿ. ನ್ಯೂಯಾರ್ಕಿನ ಚರಂಡಿ ಕೆಳಗಿನ ಭಯ, 1989ರ ಪಾರ್ಟ್ ಟೂ ಕಾಮಿಡಿ, ಹೆಸ್ರು ಬಿಟ್ರೆ ಸಂಬಂಧನೇ ಇಲ್ಲ ಅನ್ಬೋದು. ಅದನ್ನ ಹಾಕೋದೇ ಬೇಡ.

ಇನ್ನು ನೋಡೋ ವಿಧಾನ. ಎರಡೂ ಪಾರ್ಟ್ ಒಂದೇ ರಾತ್ರಿ ಬೇಡ, ಒಂದು ವಾರನಾದ್ರೂ ಗ್ಯಾಪ್ ಕೊಡಿ, ಇಲ್ದಿದ್ರೆ ಎರಡನೇದು ಸುಮಾರಾಗಿದ್ರೂ ಪಾಪ ಸೋತೋಗತ್ತೆ. ಟ್ರೆಮರ್ಸ್ ಒಂದು ಎರಡು ಮಾತ್ರ ಬೇಕಾದ್ರೆ ಒಟ್ಟಿಗೆ ಹಾಕಿ, ಆ ರೂಲ್ ಬದಲಾಗೋ ಮಜಾ ಸಿಗೋದು ಮೊದಲನೇದು ಹಸಿಯಾಗಿದ್ರೇನೇ. ನಮ್ಮಲ್ಲಿ ಎಷ್ಟೋ ಜನ ಇಂಥ ಸಿನಿಮಾ ಮೊದ್ಲು ನೋಡಿದ್ದು ಟೀವೀಲಿ ಹಿಂದಿ ಇಲ್ಲ ತಮಿಳು ಡಬ್ಬಿಂಗಲ್ಲಿ, ಆ ಖುಷಿ ಬೇರೆ, ಆದ್ರೆ ಡಿಸೆಂಟ್ ಥರದ್ದು ಒರಿಜಿನಲ್ ಆಡಿಯೋ ಸಬ್‌ಟೈಟಲ್ ಹಾಕ್ಕೊಂಡೇ ನೋಡ್ಬೇಕು, ಅದ್ರಲ್ಲಿ ಉಸಿರು, ನೀರು ತೊಟ್ಟಿಕ್ಕೋ ಸದ್ದು ಇವೇ ಮುಖ್ಯ. ಲ್ಯಾಪ್‌ಟಾಪ್ ಸ್ಪೀಕರ್ ಸಾಕಾಗಲ್ಲ, ಯಾರ ಹತ್ರನಾದ್ರೂ ಬ್ಲೂಟೂತ್ ಸ್ಪೀಕರ್ ಇಸ್ಕೊಳ್ಳಿ, ಓನರ್ ಆಂಟಿಗೆ ಮುಂಚೆನೇ ಒಂದ್ಮಾತು ಹೇಳಿಡಿ. ಚುರುಮುರಿ, ಮದ್ದೂರು ವಡೆ ಎಲ್ಲ ಸಿನಿಮಾ ಶುರುವಾಗೋ ಮುಂಚೆ ಮುಗಿಸ್ಬಿಡಿ, ಕರಂ ಕುರುಂ ಸದ್ದಲ್ಲಿ ಭಯ ಹುಟ್ಟಲ್ಲ. ಮತ್ತೆ ಮೂವತ್ತನೇ ನಿಮಿಷಕ್ಕೆ ಪಾಜ್ ಮಾಡಿ ಎಲ್ರನ್ನೂ ಕೇಳಿ, ಇಲ್ಲೀವರೆಗೆ ನಮಗೆ ಗೊತ್ತಿಲ್ದೇ ಇರೋದು ಏನಾದ್ರೂ ಇದ್ಯಾ ಅಂತ. ಒಬ್ರೂ ಉತ್ರ ಹೇಳ್ದಿದ್ರೆ ಆಫ್ ಮಾಡಿ, ಯಾರಿಗೂ ಬೇಜಾರಾಗಲ್ಲ.

ಸುಮಾರಾಗಿರೋ ಪಾರ್ಟ್ ಟೂಗಳಲ್ಲೂ ಕೆಲವನ್ನ ನಾನು ಬಿಡಲ್ಲ, ಮಾನ್ಸ್ಟರ್ ಮಾಡಿದೋರ ಕೈಕೆಲ್ಸಕ್ಕೋಸ್ಕರ. ಕತೆ ಸೋತಿರ್ಬೋದು, ರಬ್ಬರು ಫೋಮು ಹಿಡಿದು ರಾತ್ರಿ ಹಗಲು ಕೂತೋರು ಸೋತಿರಲ್ಲ. ಕ್ರಿಟರ್ಸ್ ಸೀರೀಸ್ ನೋಡಿ, ಆ ಮುಳ್ಳುಹಂದಿ ಥರದ ಪುಟಾಣಿ ರಾಕ್ಷಸರನ್ನ ಮಾಡಿದ್ದು ಚಿಯೋಡೋ ಬ್ರದರ್ಸ್. 1991ರ ಮೂರನೇ ಪಾರ್ಟ್ ಲಿಯೊನಾರ್ಡೊ ಡಿಕಾಪ್ರಿಯೋನ ಮೊದಲ ಸಿನಿಮಾ ಅನ್ನೋದು ಬಿಟ್ರೆ ಬೇರೆ ಕಾರಣಕ್ಕೆ ಬೇಡ, ನಾಲ್ಕನೇದು ಬಾಹ್ಯಾಕಾಶಕ್ಕೆ ಹೋಗತ್ತೆ, ಅದೂ ಬೇಡ. 1988ರ ಎರಡನೇದನ್ನ ಮಾತ್ರ ಹಾಕಿ. ಕತೆ ಅಲ್ಲಲ್ಲಿ ಜೋಲತ್ತೆ, ತಾಳ್ಮೆ ಇರ್ಲಿ, ಕೊನೆ ಕಡೆ ಆ ಪುಟಾಣಿಗಳೆಲ್ಲ ಒಂದಕ್ಕೊಂದು ಅಂಟ್ಕೊಂಡು ದೊಡ್ಡ ಉಂಡೆ ಆಗಿ ಉರುಳ್ಕೊಂಡು ಒಬ್ಬನ ಮೇಲೆ ಹೋಗತ್ತೆ, ಹೋದ್ಮೇಲೆ ಉಳಿದಿರೋದು ಬರೀ ಮೂಳೆ. ಸೀನ್ ಮುಗಿದ್ಮೇಲೆ ಒಂದ್ಸಲ ಹಿಂದಕ್ಕೆ ಹಾಕಿ ಆ ಉಂಡೆ ಹೆಂಗೆ ಉರುಳತ್ತೆ ಅಂತ ನಿಧಾನವಾಗಿ ನೋಡಿ.